ಪಿಯು ಓದುವಾಗಲೇ ವಿಶ್ವವಿದ್ಯಾಲಯದ ಅರ್ಜಿಗೆ ಸಿದ್ಧತೆ: ನಮ್ಮ ಭಾಗದ ಮಕ್ಕಳು ಎಲ್ಲಿಂದ ಆರಂಭಿಸಬೇಕು?

ಪ್ರಥಮ ಪಿಯು ವಿದ್ಯಾರ್ಥಿನಿ, ಸೇಡಂ ತಾಲೂಕು

ಎಲ್ಲರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ನಮ್ಮೂರ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಕಲಬುರಗಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಸರ್ಕಾರಿ ಪದವಿಪೂರ್ವ ಕಾಲೇಜಿನಲ್ಲಿ ಪ್ರಥಮ ಪಿಯು ವಿಜ್ಞಾನ ಓದುತ್ತಿದ್ದೇನೆ. ಸುತ್ತಮುತ್ತ ನೀಟ್ ಮತ್ತು ಸಿಇಟಿ ಬಿಟ್ಟರೆ ಬೇರೆ ಮಾತೇ ಇಲ್ಲ. ಆದರೆ ಅಂಕಗಳ ಜೊತೆಗೆ ಪ್ರಬಂಧ, ಸಂದರ್ಶನ, ಅಧ್ಯಾಪಕರ ಶಿಫಾರಸು ಪತ್ರ ಇವನ್ನೆಲ್ಲ ನೋಡಿ ಪ್ರವೇಶ ಕೊಡುವ ವಿಶ್ವವಿದ್ಯಾಲಯಗಳೂ ಇವೆ ಎಂದು ಹಾಸ್ಟೆಲಿನ ಸೀನಿಯರ್ ಅಕ್ಕ ಒಬ್ಬರು ಹೇಳಿದರು. ನನಗೆ ಸಸ್ಯಗಳ ಬಗ್ಗೆ, ಅದರಲ್ಲೂ ಬೆಳೆಗಳಿಗೆ ಬರುವ ರೋಗಗಳ ಬಗ್ಗೆ ಓದಬೇಕೆಂಬ ಆಸೆಯಿದೆ. ಈಚೆಗೆ ಒಬ್ಬರು ಆನ್‌ಲೈನ್ ಕೋರ್ಸುಗಳ ಪ್ರಮಾಣಪತ್ರಗಳನ್ನು ಒಟ್ಟಿಗೆ ಕೊಡಿಸುತ್ತೇವೆ, ಅವಿದ್ದರೆ ಅರ್ಜಿ ಗಟ್ಟಿಯಾಗುತ್ತದೆ ಎಂದು ಹೇಳಿ ಹಣ ಕೇಳುತ್ತಿದ್ದಾರೆ. ಅಪ್ಪನದು ಒಕ್ಕಲುತನ, ಹಣ ಕಟ್ಟುವ ಮುಂಚೆ ತಿಳಿದವರನ್ನು ಕೇಳೋಣ ಎಂದು ಇಲ್ಲಿ ಬರೆಯುತ್ತಿದ್ದೇನೆ. ಮುಂದಿನ ಎರಡು ವರ್ಷಗಳಲ್ಲಿ ನಾನು ನಿಜವಾಗಿ ಮಾಡಬೇಕಾದದ್ದು ಏನು?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ತಂಗಿ, ಮೊದಲು ಆ ಹಣ ಕಟ್ಟಬೇಡ. ದುಡ್ಡು ಕೊಟ್ಟು ಒಂದೇ ವಾರದಲ್ಲಿ ಪಡೆದ ಪ್ರಮಾಣಪತ್ರಗಳ ಕಟ್ಟಿಗೆ ಅರ್ಜಿ ನೋಡುವವರು ಬೆಲೆ ಕೊಡುವುದಿಲ್ಲ. ಅವುಗಳಲ್ಲಿ ಯಾವುದಾದರೂ ಒಂದರ ಬಗ್ಗೆ ಸಂದರ್ಶನದಲ್ಲಿ ಎರಡನೆಯ ಪ್ರಶ್ನೆ ಬಂದರೆ ಉತ್ತರಿಸಲು ತಡವರಿಸಬೇಕಾಗುತ್ತದೆ.

ಇನ್ನು ನಿನ್ನ ಮುಂದಿರುವ ದಾರಿಗಳು. ಇವನ್ನು ಒಂದರೊಳಗೊಂದು ಕಲಸಿಕೊಂಡರೆ ಎರಡು ವರ್ಷವೂ ಗೊಂದಲದಲ್ಲೇ ಕಳೆದುಹೋಗುತ್ತವೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ, ಹಂಚುವ ಸೀಟುಗಳಿಗೆ ಪ್ರಬಂಧವೂ ಇಲ್ಲ, ಶಿಫಾರಸು ಪತ್ರವೂ ಇಲ್ಲ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿಯ ಅಂಕ ಅರ್ಧ, ದ್ವಿತೀಯ ಪಿಯು ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಲ್ಲಿ ಬಂದ ಅಂಕ ಅರ್ಧ. ವೈದ್ಯಕೀಯಕ್ಕೆ ನೀಟ್ ಒಂದೇ. ಎರಡನೆಯದು ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿ ಕೋರ್ಸುಗಳಿಗೆ ದೇಶಾದ್ಯಂತ ನಡೆಯುವ ಪ್ರವೇಶ ಪರೀಕ್ಷೆ. ನಮ್ಮ ಕಡಗಂಚಿಯ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ, ಹೈದರಾಬಾದ್ ವಿಶ್ವವಿದ್ಯಾಲಯ, ದೆಹಲಿ ವಿಶ್ವವಿದ್ಯಾಲಯ ಎಲ್ಲವೂ ಈ ಪರೀಕ್ಷೆಯ ಅಂಕವನ್ನೇ ನೋಡುತ್ತವೆ. ನಿನ್ನ ಆಸಕ್ತಿ ಬೆಳೆರೋಗಗಳತ್ತ ಇರುವುದರಿಂದ ಒಂದು ಮಾತು: ಕೃಷಿ ಪದವಿಗೆ ಕೆಇಎ ಮೂಲಕ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೋಗಬಹುದು, ಅವುಗಳಲ್ಲಿ ಒಂದು ಕಲಬುರಗಿಯಲ್ಲೇ ಇದೆ, ಇನ್ನೊಂದು ಶಹಾಪುರದ ಬಳಿಯ ಭೀಮರಾಯನಗುಡಿಯಲ್ಲಿದೆ, ಹೊರರಾಜ್ಯದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ತುಂಬುವ ಸೀಟುಗಳಿಗೂ 2023ರಿಂದ ಸಿಯುಇಟಿಯನ್ನೇ ಆಧಾರವಾಗಿಟ್ಟುಕೊಂಡಿದ್ದಾರೆ.

ಮೂರನೆಯದು ನೀನು ಕೇಳಿದ ದಾರಿ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ ನಂತರ ಸಂದರ್ಶನ ಮಾಡುತ್ತದೆ, ಮನೆಯ ಆದಾಯ ನೋಡಿ ಶುಲ್ಕದಲ್ಲಿ ಭಾಗಶಃ ಅಥವಾ ಪೂರ್ತಿ ನೆರವು ಕೊಡುತ್ತದೆ. ಅಮೆರಿಕ, ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಕ್ರಮ ಇನ್ನೂ ಬೇರೆ, ಅದನ್ನು ಬಲ್ಲವರು ಬರೆಯಲಿ. ಈ ಮೂರನೆಯ ದಾರಿಯಲ್ಲಿ ಹೋಗುವವರೂ ಮೊದಲೆರಡನ್ನು ಬಿಡಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಯು ಅಂಕಗಳು ಕೆಳಗಿದ್ದರೆ ಎಂಥ ಪ್ರಬಂಧವೂ ಕೈಹಿಡಿಯುವುದಿಲ್ಲ.

ಪೋಷಕರೊಬ್ಬರು, ಬೀದರ್

ಗುರುಗಳೇ, ತಮ್ಮ ಮಾತನ್ನು ಗೌರವಿಸುತ್ತಲೇ ಒಂದು ಆಕ್ಷೇಪ ಎತ್ತುತ್ತೇನೆ. ನನ್ನ ಮಗ ದ್ವಿತೀಯ ಪಿಯು. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಕಾಲೇಜು, ಕೋಚಿಂಗ್ ಮುಗಿಸಿ ಬರುವಾಗ ರಾತ್ರಿಯಾಗಿರುತ್ತದೆ. ಅವನಿಗೆ ಊಟಕ್ಕೇ ವ್ಯವಧಾನವಿಲ್ಲದಿರುವಾಗ ಪ್ರಬಂಧ, ಪಠ್ಯೇತರ ಚಟುವಟಿಕೆ, ಸಮಾಜಸೇವೆ ಎಂದು ಹೇಳಿದರೆ ಯಾವ ಹೊತ್ತಿನಲ್ಲಿ ಮಾಡಬೇಕು? ಇವೆಲ್ಲ ಬೆಂಗಳೂರಿನ ದೊಡ್ಡ ಶಾಲೆಗಳ ಮಕ್ಕಳಿಗೆ ಹೇಳಿಸಿದ ಮಾತುಗಳು. ಅಲ್ಲಿ ಅರ್ಜಿ ಸಿದ್ಧಪಡಿಸಲು ಕೌನ್ಸೆಲರ್ ಇರುತ್ತಾರೆ. ನಮ್ಮ ಮಕ್ಕಳಿಗೆ ರ್‍ಯಾಂಕು ಒಂದೇ ಆಧಾರ. ಅದರಲ್ಲಿ ಜಾತಿ, ಭಾಷೆ, ಇಂಗ್ಲಿಷ್ ಉಚ್ಚಾರಣೆ ಯಾವುದೂ ಕಾಣುವುದಿಲ್ಲ. ಸಂದರ್ಶನ ಎಂದ ಕೂಡಲೇ ಇವೆಲ್ಲ ಒಳಗೆ ಬರುತ್ತವೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ತಮ್ಮ ಕೊನೆಯ ಮಾತಿನಲ್ಲಿ ಹುರುಳಿದೆ, ಅದನ್ನು ಅಲ್ಲಗಳೆಯುವುದಿಲ್ಲ. ದ್ವಿತೀಯ ಪಿಯು ಅರ್ಧ ಮುಗಿದಿರುವ ಹುಡುಗನಿಗೆ ಈಗ ಹೊಸ ಚಟುವಟಿಕೆ ಹಚ್ಚುವುದು ಸರಿಯಲ್ಲ, ಅವನು ಪರೀಕ್ಷೆಯ ಕಡೆ ಗಮನ ಕೊಡಲಿ. ಆದರೆ ರ್‍ಯಾಂಕಿನಲ್ಲಿ ಏನೂ ಕಾಣುವುದಿಲ್ಲ ಎಂಬುದನ್ನು ಪೂರ್ತಿ ಒಪ್ಪಲಾರೆ. ಲಕ್ಷಗಟ್ಟಲೆ ಶುಲ್ಕ ಕಟ್ಟಿ ಕೋಚಿಂಗ್ ಪಡೆದವರ ರ್‍ಯಾಂಕನ್ನೂ ಹಾಸ್ಟೆಲಿನ ಕೋಣೆಯಲ್ಲಿ ತಾನೇ ಓದಿಕೊಂಡವಳ ರ್‍ಯಾಂಕನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತಾರಲ್ಲ? ಆ ವ್ಯತ್ಯಾಸ ಏನೆಂದು ಹೇಳಿಕೊಳ್ಳಲು ಅವಕಾಶವಿರುವುದು ಮೂರನೆಯ ದಾರಿಯಲ್ಲಿ ಮಾತ್ರ.

ಕಡಗಂಚಿ ಕ್ಯಾಂಪಸ್ಸಿನ ವಿದ್ಯಾರ್ಥಿ, ಊರು ಔರಾದ್

ಸಿಯುಇಟಿ ಬಗ್ಗೆ ನನಗೆ ತಿಳಿದದ್ದನ್ನು ಬರೆಯುತ್ತೇನೆ. ಈ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು ಎಂಬುದು ನಮ್ಮ ಭಾಗದ ಎಷ್ಟೋ ಮಕ್ಕಳಿಗೆ ಗೊತ್ತೇ ಇಲ್ಲ. ಪ್ರಶ್ನೆಪತ್ರಿಕೆ ಸಿಗುವ 13 ಭಾಷೆಗಳಲ್ಲಿ ಕನ್ನಡವೂ ಒಂದು. 2025ರಿಂದ ಇದು ಪೂರ್ತಿ ಕಂಪ್ಯೂಟರಿನಲ್ಲೇ ನಡೆಯುತ್ತಿದೆ. ಹೆಚ್ಚೆಂದರೆ ಐದು ವಿಷಯ ಆಯ್ದುಕೊಳ್ಳಬಹುದು, ಪ್ರತಿ ವಿಷಯಕ್ಕೆ 50 ಪ್ರಶ್ನೆ, 60 ನಿಮಿಷ, ಸರಿಯುತ್ತರಕ್ಕೆ 5 ಅಂಕ, ತಪ್ಪಿದರೆ 1 ಅಂಕ ಕಡಿತ. ಸಿಇಟಿಯಲ್ಲಿ ಅಂಕ ಕಡಿತವಿಲ್ಲದ ಕಾರಣ ಕೊನೆಯ ಐದು ನಿಮಿಷದಲ್ಲಿ ಉಳಿದದ್ದಕ್ಕೆಲ್ಲ ಗುರುತು ಹಾಕಿ ಬರುವ ರೂಢಿ ನಮ್ಮವರಿಗಿದೆ. ಇಲ್ಲಿ ಅದೇ ಚಾಳಿ ಮುಂದುವರಿಸಿದರೆ ಬಂದ ಅಂಕವೂ ಕರಗುತ್ತದೆ.

ಎರಡು ಕಡೆ ಹುಡುಗರು ಎಡವುವುದನ್ನು ನೋಡಿದ್ದೇನೆ. ಒಂದು, ವಿಷಯಗಳ ಆಯ್ಕೆ. ಯಾವ ಕೋರ್ಸಿಗೆ ಯಾವ ವಿಷಯಗಳ ಪತ್ರಿಕೆ ಬರೆದಿರಬೇಕು ಎಂಬುದನ್ನು ಆಯಾ ವಿಶ್ವವಿದ್ಯಾಲಯವೇ ನಿಗದಿ ಮಾಡುತ್ತದೆ. ಸಿಯುಇಟಿಯಲ್ಲೇ ಇರುವ ಸಾಮಾನ್ಯ ಪರೀಕ್ಷೆ (ಜನರಲ್ ಟೆಸ್ಟ್) ಎಂಬ ಪತ್ರಿಕೆಯನ್ನು ಕೇಳುವ ಕೋರ್ಸಿಗೆ ಅದನ್ನು ಬರೆಯದೆ ಹೋದರೆ ಉಳಿದ ವಿಷಯಗಳಲ್ಲಿ ಎಷ್ಟೇ ಅಂಕ ಬಂದರೂ ಪ್ರಯೋಜನವಿಲ್ಲ. ಹೀಗಾಗಿ ಮೊದಲು ಕೋರ್ಸು, ಆಮೇಲೆ ವಿಷಯ. ಎರಡು, ಸಿಯುಇಟಿ ಫಲಿತಾಂಶ ಬಂದ ಮೇಲೆ ಸೀಟು ತಾನಾಗಿ ಬರುತ್ತದೆ ಎಂದು ಕಾಯುತ್ತ ಕೂರುವುದು. ಹಾಗಾಗುವುದಿಲ್ಲ. ಬೇಕಾದ ಪ್ರತಿಯೊಂದು ವಿಶ್ವವಿದ್ಯಾಲಯದ ಪೋರ್ಟಲಿನಲ್ಲೂ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು, ಆ ಗಡುವುಗಳು ಒಂದೊಂದು ಕಡೆ ಒಂದೊಂದು ದಿನಕ್ಕೆ ಮುಗಿಯುತ್ತವೆ. ಆಳಂದ ರಸ್ತೆಯಲ್ಲಿ ನಮ್ಮ ಕ್ಯಾಂಪಸ್ಸಿನ ಮುಂದೆಯೇ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದ ಹುಡುಗನೊಬ್ಬ ಒಳ್ಳೆಯ ಅಂಕ ಪಡೆದೂ ಈ ನೋಂದಣಿ ಮಾಡದೆ ಉಳಿದುಬಿಟ್ಟ.

ಆನ್‌ಲೈನ್ ಸೇವಾ ಕೇಂದ್ರ ನಡೆಸುವವರು, ಶಹಾಪುರ

ನಾನು ವರ್ಷವಿಡೀ ಇವೇ ಅರ್ಜಿಗಳನ್ನು ತುಂಬುವವನು. ಮೇಲೆ ಹಿರಿಯರು ಬರೆದ ದೊಡ್ಡ ಮಾತುಗಳ ನಡುವೆ ಸಣ್ಣ ಮಾತು ಹೇಳುತ್ತೇನೆ, ಆದರೆ ಸೀಟು ಹೋಗುವುದು ಈ ಸಣ್ಣದರಲ್ಲೇ.

ಮೊದಲನೆಯದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಕಾಗುಣಿತ, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ತಂದೆಯ ಹೆಸರಿನ ಮುಂದೆ ಅಡ್ಡಹೆಸರು, ಪಿಯು ದಾಖಲೆಯಲ್ಲಿ ಬರೀ ಇನಿಷಿಯಲ್. ನಮ್ಮ ಕಡೆ ಮಲ್ಲಮ್ಮ ಎಂಬ ಹೆಸರನ್ನೇ ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆದ ದಾಖಲೆಗಳು ಒಂದೇ ಫೈಲಿನಲ್ಲಿರುತ್ತವೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಉಳಿದವನ್ನೆಲ್ಲ ಅದಕ್ಕೆ ಹೊಂದಿಸಿಕೊಳ್ಳಿ, ಈ ಕೆಲಸವನ್ನು ಪ್ರಥಮ ಪಿಯು ರಜೆಯಲ್ಲೇ ಮುಗಿಸಿ.

ಎರಡನೆಯದು 371(ಜೆ), ಅಂದರೆ ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ ವಿಧಿ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ ಈ ಅವಕಾಶದಲ್ಲಿ ನಮ್ಮ ಪ್ರದೇಶದ ಶಿಕ್ಷಣ ಸಂಸ್ಥೆಗಳ ಸೀಟುಗಳಲ್ಲಿ ಶೇ 70, ಪ್ರದೇಶದ ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8 ಸ್ಥಳೀಯರಿಗೆ ಮೀಸಲು. ಆದರೆ ಕಲಬುರಗಿಯಲ್ಲಿ ಹುಟ್ಟಿ ಬೆಳೆದಿದ್ದೇವೆ ಎಂದು ಬಾಯಿಮಾತಿನಲ್ಲಿ ಹೇಳಿದರೆ ನಡೆಯುವುದಿಲ್ಲ. ಸಹಾಯಕ ಆಯುಕ್ತರು ಕೊಟ್ಟ ಅರ್ಹತಾ ಪ್ರಮಾಣಪತ್ರ ಕೈಯಲ್ಲಿರಬೇಕು, ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ನಮೂದಿಸಬೇಕು. ಸೇಡಂ ತಾಲೂಕಿನ ತಂಗಿಗೆ ಇನ್ನೆರಡು ಇವೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮವಾಗಿದ್ದರೆ ಶೇ 5. ಇವುಗಳ ವ್ಯಾಸಂಗ ಪ್ರಮಾಣಪತ್ರಗಳಿಗೆ ಮುಖ್ಯಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಐದನೆಯವರೆಗೆ ಒಂದು ಶಾಲೆ, ಆಮೇಲೆ ಮತ್ತೊಂದು ಶಾಲೆಯಾಗಿದ್ದರೆ ಎರಡೂ ಕಡೆಯಿಂದ ತರಬೇಕು.

ಮೂರನೆಯದನ್ನು ಹೇಳಿದರೆ ನನ್ನ ವೃತ್ತಿಯವರೇ ಬೇಸರ ಮಾಡಿಕೊಳ್ಳಬಹುದು. ಅರ್ಜಿಗೆ ಸೇವಾ ಕೇಂದ್ರದವರ ಮೊಬೈಲ್ ಸಂಖ್ಯೆ, ಸೇವಾ ಕೇಂದ್ರದವರು ಅವಸರದಲ್ಲಿ ಮಾಡಿಕೊಟ್ಟ ಇಮೇಲ್ ಹಾಕಿಸಬೇಡಿ. ಕೌನ್ಸೆಲಿಂಗ್ ದಿನ ಓಟಿಪಿ ಅಂಗಡಿಯ ಫೋನಿಗೆ ಬರುತ್ತದೆ, ಅಂಗಡಿ ಮುಚ್ಚಿರುತ್ತದೆ. ನಿಮ್ಮದೇ ಒಂದು ಇಮೇಲ್, ಮನೆಯಲ್ಲಿ ಬದಲಾಗದೆ ಉಳಿಯುವ ಒಂದು ಮೊಬೈಲ್ ಸಂಖ್ಯೆ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಅಂಕಪಟ್ಟಿಗಳ ಫೈಲಿನಲ್ಲಿ ಇಡುವುದು, ಇಷ್ಟಾದರೆ ಅರ್ಧ ತೊಂದರೆ ತಪ್ಪಿತು.

ಪ್ರಥಮ ಪಿಯು ವಿದ್ಯಾರ್ಥಿನಿ, ಸೇಡಂ ತಾಲೂಕು

ಎಲ್ಲರಿಗೂ ಧನ್ಯವಾದಗಳು. ದಾಖಲೆಗಳ ಕೆಲಸವನ್ನು ಈ ರಜೆಯಲ್ಲೇ ಆರಂಭಿಸುತ್ತೇನೆ. ಆದರೆ ಸರ್, ಸಂದರ್ಶನದಲ್ಲಿ ಹೇಳಿಕೊಳ್ಳಲು ನನ್ನ ಬಳಿ ಏನೂ ಇಲ್ಲ. ನಾನು ಭಾಷಣ, ನೃತ್ಯ, ಕ್ರೀಡೆ ಯಾವುದರಲ್ಲೂ ಬಹುಮಾನ ಪಡೆದವಳಲ್ಲ. ಒಂಬತ್ತನೆಯ ತರಗತಿಯಿಂದ ನಮ್ಮ ತೊಗರಿ ಹೊಲದ ಬಗ್ಗೆ ಒಂದು ನೋಟ್‌ಬುಕ್ ಬರೆದಿಟ್ಟಿದ್ದೇನೆ, ಅಷ್ಟೇ. ಒಂದು ವರ್ಷ ನೆಟೆ ರೋಗ ಬಂದು ಹೂವಿನ ಹೊತ್ತಿಗೆ ಗಿಡಗಳು ನಿಂತಲ್ಲೇ ಒಣಗಿದಾಗ, ಯಾವ ಸಾಲು ಯಾವಾಗ ಒಣಗಿತು ಎಂದು ಬರೆದಿಡು, ಮುಂದಿನ ವರ್ಷ ನೋಡೋಣ ಎಂದು ಅಪ್ಪ ಹೇಳಿದ್ದರು. ಅದನ್ನು ಯಾರಿಗೂ ತೋರಿಸಿಲ್ಲ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ತಂಗಿ, ಆ ನೋಟ್‌ಬುಕ್ಕಿನಲ್ಲಿ ಇರುವುದನ್ನು ಇಲ್ಲಿ ಬರೆ. ಮಳೆಯ ದಿನಗಳನ್ನು ಬರೆದಿದ್ದೀಯಾ? ಒಣಗಿದ ಸಾಲುಗಳು ಹೊಲದ ಯಾವ ಭಾಗದಲ್ಲಿದ್ದವು, ನೀರು ನಿಲ್ಲುವ ತಗ್ಗಿನಲ್ಲೋ, ಬದುವಿನ ಕಡೆಯೋ? ಒಣಗಿದ ಗಿಡದ ಕಾಂಡ ಸೀಳಿ ನೋಡಿದ್ದೀರಾ? ಹಿಂದಿನ ವರ್ಷ ಅಲ್ಲಿ ಏನು ಬೆಳೆದಿದ್ದಿರಿ?

ಪ್ರಥಮ ಪಿಯು ವಿದ್ಯಾರ್ಥಿನಿ, ಸೇಡಂ ತಾಲೂಕು

ಮಳೆಯ ದಿನಗಳಿವೆ ಸರ್, ಆದರೆ ಎಷ್ಟು ಮಿಲಿಮೀಟರ್ ಎಂದಿಲ್ಲ. ಮಿರಗ, ಆರಿದ್ರಾ ಎಂದು ಮಳೆಯ ಹೆಸರು, ಜೋರೋ ಹಗುರವೋ ಎಂದಷ್ಟೇ ಬರೆದಿದ್ದೇನೆ. ಹೊಲದ ಚಿತ್ರ ಬಿಡಿಸಿ ಒಣಗಿದ ಸಾಲುಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ. ಮೊದಲು ಒಣಗಿದ್ದು ಕಾಲುವೆಯ ಪಕ್ಕದ ತಗ್ಗಿನಲ್ಲಿ, ಅಲ್ಲಿ ಸತತವಾಗಿ ತೊಗರಿಯನ್ನೇ ಬಿತ್ತುತ್ತ ಬಂದಿದ್ದೆವು. ಮೇಲಿನ ತುಂಡಿನಲ್ಲಿ ತೊಗರಿಯ ನಡುವೆ ಜೋಳದ ಸಾಲುಗಳಿದ್ದವು, ಅಲ್ಲಿ ಕಡಿಮೆ. ಅಪ್ಪ ಕಾಂಡ ಸೀಳಿ ತೋರಿಸಿದಾಗ ತೊಗಟೆಯ ಕೆಳಗೆ ಕಪ್ಪುಗಂದು ಗೆರೆಗಳಿದ್ದವು, ಹಸಿರು ಗಿಡದಲ್ಲಿ ಅವು ಇರಲಿಲ್ಲ. ಅದನ್ನೂ ಬಿಡಿಸಿದ್ದೇನೆ.

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಇದನ್ನು ಏನೂ ಇಲ್ಲ ಎನ್ನುತ್ತೀಯಲ್ಲ! ನೆಟೆ ರೋಗ ಮಣ್ಣಿನಲ್ಲಿ ಉಳಿಯುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುತ್ತದೆ, ಆ ಗೆರೆಗಳು ಅದರ ಗುರುತು, ಒಂದೇ ನೆಲದಲ್ಲಿ ತೊಗರಿಯನ್ನೇ ಬಿತ್ತಿದರೆ ಅದು ಹೆಚ್ಚುತ್ತದೆ, ಜೋಳದ ಜೊತೆ ಬೆರೆಸಿ ಬಿತ್ತಿದರೆ ತಗ್ಗುತ್ತದೆ ಎಂಬುದನ್ನು ಕೃಷಿ ವಿಜ್ಞಾನಿಗಳು ಹಿಂದೆಯೇ ಕಂಡುಕೊಂಡಿದ್ದಾರೆ. ನೀನು ಪುಸ್ತಕ ಓದುವ ಮುಂಚೆ ಅದನ್ನು ನಿಮ್ಮ ಹೊಲದಲ್ಲಿ ನೋಡಿ ಬರೆದಿದ್ದೀಯ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿದೆ, ಆ ಬೆಳೆಯ ಮುಖ್ಯ ರೋಗದ ಬಗ್ಗೆ ನಿನ್ನ ಕೈಬರಹದ ದಾಖಲೆ ಇದೆ. ಕೊಂಡುಕೊಂಡ ಪ್ರಮಾಣಪತ್ರಗಳೆಲ್ಲ ಸೇರಿದರೂ ಇದಕ್ಕೆ ಸಮವಲ್ಲ.

ಇನ್ನು ಮುಂದೆ ಮೂರು ಕೆಲಸ ಮಾಡು. ಒಂದು ಸಾದಾ ಮಳೆಮಾಪಕ ಇಟ್ಟು ಮಿಲಿಮೀಟರಿನಲ್ಲಿ ಅಳೆಯಲು ಅಪ್ಪನಿಗೆ ಹೇಳು, ಏಕೆಂದರೆ ನೀನು ಹಾಸ್ಟೆಲಿನಲ್ಲಿರುತ್ತೀಯ. ತಗ್ಗಿನಲ್ಲಿಯೂ ಮೇಲಿನ ತುಂಡಿನಲ್ಲಿಯೂ ಸಮಾನ ಅಳತೆಯ ಜಾಗ ಗುರುತಿಸಿ, ಅವುಗಳಲ್ಲಿ ಒಟ್ಟು ಗಿಡ ಎಷ್ಟು, ಒಣಗಿದ್ದು ಎಷ್ಟು ಎಂದು ದೀಪಾವಳಿ ರಜೆಯಲ್ಲೊಮ್ಮೆ, ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಹೋದಾಗ ಇನ್ನೊಮ್ಮೆ ಎಣಿಸು. ಆಮೇಲೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗು. ಬರಿಗೈಯಲ್ಲಿ ಹೋಗಬೇಡ; ನೋಟ್‌ಬುಕ್ಕಿನ ಜೊತೆಗೆ ಒಣಗಿದ ಒಂದು ಗಿಡ, ಹಸಿರಾಗಿರುವ ಒಂದು ಗಿಡ, ಎರಡನ್ನೂ ಬೇರು ಸಮೇತ ಕಿತ್ತು ಬೇರೆ ಬೇರೆ ಚೀಲದಲ್ಲಿ ಹಾಕಿಕೊಂಡು ಹೋಗು. ಬೇರು ಕೊಳೆಯುವ ಬೇರೆ ರೋಗಗಳೂ ನೋಡಲು ಹೀಗೆಯೇ ಇರುತ್ತವೆ, ಯಾವುದು ಯಾವುದೆಂದು ಅಲ್ಲಿನವರು ಹೇಳಬಲ್ಲರು. ಹಾಗೆಂದು ಅರ್ಜಿಯಲ್ಲಿ ನೆಟೆ ರೋಗಕ್ಕೆ ಪರಿಹಾರ ಕಂಡುಹಿಡಿದೆ ಎಂದು ಮಾತ್ರ ಬರೆಯಬಾರದು.

ಬೀದರಿನವ, ಅಮೆರಿಕದಲ್ಲಿ ಪದವಿ ಮುಗಿಸಿದವ

ವಿದೇಶದ ಅರ್ಜಿಯ ಬಗ್ಗೆ ಕೇಳಿದ್ದರಿಂದ ಬರೆಯುತ್ತಿದ್ದೇನೆ. ಅಮೆರಿಕದ ಅನೇಕ ಕಾಲೇಜುಗಳು ಕಾಮನ್ ಆಪ್ ಎಂಬ ಒಂದೇ ಅರ್ಜಿಯನ್ನು ಸ್ವೀಕರಿಸುತ್ತವೆ. ಅದರಲ್ಲಿ ಮುಖ್ಯ ಪ್ರಬಂಧಕ್ಕೆ ಗರಿಷ್ಠ 650 ಪದ, ಚಟುವಟಿಕೆಗಳಿಗೆ ಹತ್ತು ಸಾಲು, ಪ್ರತಿಯೊಂದರ ವಿವರಣೆಗೆ 150 ಅಕ್ಷರ. ಹತ್ತನ್ನೂ ತುಂಬಲೇಬೇಕೆಂದಿಲ್ಲ. ಮನೆಯ ಕೆಲಸ, ತಮ್ಮ ತಂಗಿಯರನ್ನು ನೋಡಿಕೊಳ್ಳುವುದು, ಹೊಲದ ದುಡಿಮೆ ಇವನ್ನೂ ಚಟುವಟಿಕೆ ಎಂದೇ ಬರೆಯಬಹುದು ಎಂಬುದು ನಮ್ಮ ಮಕ್ಕಳಿಗೆ ತಿಳಿದಿರಬೇಕು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ಅಂಕಗಳನ್ನು ಕೇಳುತ್ತಾರೆ. ನಮ್ಮಲ್ಲಿ ಪ್ರೌಢಶಾಲೆ ಬೇರೆ, ಪಿಯು ಕಾಲೇಜು ಬೇರೆ ಆಗಿರುವುದರಿಂದ ಒಂಬತ್ತನೆಯ ತರಗತಿಯ ಪ್ರಗತಿಪತ್ರವನ್ನು ಹುಡುಕಿ, ಅದು ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ಅನುವಾದಿಸಿ, ಶಾಲೆಯ ಮುದ್ರೆ ಹಾಕಿಸಿಕೊಳ್ಳಬೇಕು. ಸಾಮಾನ್ಯ ಗಡುವು ಜನವರಿಯ ಆರಂಭದಲ್ಲಿರುತ್ತದೆ, ಮುಂಗಡ ಅರ್ಜಿಯ ಗಡುವು ನವೆಂಬರಿನಲ್ಲೇ ಬರುತ್ತದೆ; ಅಂದರೆ ದ್ವಿತೀಯ ಪಿಯು ಮಧ್ಯವಾರ್ಷಿಕ ಪರೀಕ್ಷೆಯ ಹೊತ್ತಿಗೆ ಎಲ್ಲ ಸಿದ್ಧವಾಗಿರಬೇಕು. ಅಲ್ಲಿನ ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆ ಕೆಲವು ಕಡೆ ಐಚ್ಛಿಕ, ಎಂಐಟಿ ಮತ್ತು ಹಾರ್ವರ್ಡ್ ಮತ್ತೆ ಕಡ್ಡಾಯ ಮಾಡಿವೆ.

ಬ್ರಿಟನ್ನಿನದು ಯುಕಾಸ್ ಅರ್ಜಿ: ಐದು ಆಯ್ಕೆ, ಒಂದು ಶಿಫಾರಸು. 2026ರ ಪ್ರವೇಶದಿಂದ ಅಲ್ಲಿ ಉದ್ದನೆಯ ಹೇಳಿಕೆಯ ಬದಲು ಮೂರು ಪ್ರಶ್ನೆಗಳಿವೆ. ಈ ಕೋರ್ಸು ಏಕೆ, ಓದು ನಿಮ್ಮನ್ನು ಅದಕ್ಕೆ ಹೇಗೆ ಸಿದ್ಧಪಡಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ. ಮೂರಕ್ಕೂ ಸೇರಿ 4000 ಅಕ್ಷರ. ಅಲ್ಲಿ ವಿಷಯದ ಮೇಲಿನ ಒಲವನ್ನೇ ಹೆಚ್ಚು ನೋಡುತ್ತಾರೆ, ಹಾಡು, ಕ್ರೀಡೆಗೆ ಅಷ್ಟು ಮಹತ್ವವಿಲ್ಲ.

ಒಂದು ವಿನಂತಿ. ನಮ್ಮ ಭಾಗದವರು ಬರೆದ ಹಲವು ಪ್ರಬಂಧಗಳನ್ನು ಓದಿದ್ದೇನೆ, ಬಹುತೇಕ ಎಲ್ಲವೂ ನಾನು ಹಿಂದುಳಿದ ಪ್ರದೇಶದಿಂದ ಬಂದವನು ಎಂಬ ವಾಕ್ಯದಿಂದಲೇ ಆರಂಭವಾಗುತ್ತವೆ. ಆ ಪದ ಸರ್ಕಾರಿ ಕಡತಕ್ಕೆ ಸರಿ. ಓದುವವರಿಗೆ ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಕಷ್ಟ ಇದ್ದರೆ ಇದ್ದಷ್ಟನ್ನು ಒಂದು ಸಾಲಿನಲ್ಲಿ ಹೇಳಿ ಮುಂದೆ ಸಾಗಿ.

ಪೋಷಕರೊಬ್ಬರು, ಬೀದರ್

ತಮ್ಮಾ, ನೀವು ಹೇಳಿದ್ದೆಲ್ಲ ಸರಿಯೇ ಇರಬಹುದು, ಆದರೆ ಖರ್ಚಿನ ಮಾತನ್ನು ಬಿಟ್ಟಿದ್ದೀರಿ. ಹೊಲ ಮಾರಿದರೂ ಒಂದು ವರ್ಷದ ಶುಲ್ಕಕ್ಕೆ ಸಾಲದು. ಆಸೆ ಹುಟ್ಟಿಸಿ ಕೈಬಿಟ್ಟರೆ ಹುಡುಗಿಯ ಗತಿ ಏನು?

ಬೀದರಿನವ, ಅಮೆರಿಕದಲ್ಲಿ ಪದವಿ ಮುಗಿಸಿದವ

ಅಣ್ಣಾ, ನೀವು ಕೇಳಿದ್ದು ನ್ಯಾಯವೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮುಂತಾದ ಬೆರಳೆಣಿಕೆಯ ಸಂಸ್ಥೆಗಳು ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಹಣದ ಸ್ಥಿತಿ ನೋಡದೆ ಆಯ್ಕೆ ಮಾಡಿ, ಆಮೇಲೆ ಕೊರತೆಯನ್ನು ತಾವೇ ತುಂಬುತ್ತವೆ. ಅಲ್ಲಿ ಸೀಟು ಸಿಗುವುದು ಅತಿ ಕಷ್ಟ. ಉಳಿದ ಬಹಳಷ್ಟು ಕಡೆ ನೆರವು ಕೇಳಿದ್ದೇ ಆಯ್ಕೆಗೆ ಅಡ್ಡಿಯಾಗಬಹುದು. ನೆರವಿಲ್ಲದೆ ಬಂದ ಪ್ರವೇಶ ಪತ್ರವನ್ನು ನಂಬಿ ಹೊಲ ಮಾರುವುದು, ಸಾಲ ಮಾಡುವುದು ಬೇಡವೇ ಬೇಡ. ಮನೆಯಲ್ಲಿ ಈ ನಿರ್ಧಾರ ಮೊದಲೇ ಆಗಿರಲಿ.

ದೇಶದೊಳಗಿನ ನೆರವೂ ಕಡಿಮೆಯೇನಿಲ್ಲ. ಹತ್ತು ಮತ್ತು ಹನ್ನೆರಡನೆಯ ತರಗತಿಗಳನ್ನು ಸರ್ಕಾರಿ ಸಂಸ್ಥೆಗಳಲ್ಲಿ ಮುಗಿಸಿ ಪದವಿಗೆ ಸೇರುವ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವರ್ಷಕ್ಕೆ 30,000 ರೂಪಾಯಿ ವಿದ್ಯಾರ್ಥಿವೇತನ ಕೊಡುತ್ತಿದೆ, ಈಗ ಕರ್ನಾಟಕದಲ್ಲೂ ಇದೆ. ಈ ತಂಗಿ ಎರಡನ್ನೂ ಸರ್ಕಾರಿ ಸಂಸ್ಥೆಯಲ್ಲೇ ಓದುತ್ತಿದ್ದಾಳೆ.

ಇಂಗ್ಲಿಷ್ ಉಪನ್ಯಾಸಕಿ, ಯಾದಗಿರಿ

ಶಿಫಾರಸು ಪತ್ರದ ಬಗ್ಗೆ ಯಾರೂ ವಿವರವಾಗಿ ಬರೆದಿಲ್ಲ. ಪ್ರತಿ ವರ್ಷ ಮಕ್ಕಳು ಗಡುವಿನ ಹಿಂದಿನ ದಿನ ಬಂದು ಮೇಡಂ, ಒಂದು ಪತ್ರ ಬರೆದುಕೊಡಿ ಎನ್ನುತ್ತಾರೆ, ನಾವೂ ನಡತೆ ಪ್ರಮಾಣಪತ್ರದ ಭಾಷೆಯಲ್ಲೇ ಬರೆದುಕೊಡುತ್ತೇವೆ: ಸುಶೀಲೆ, ವಿನಯಶೀಲೆ, ಪರಿಶ್ರಮಿ, ಉಜ್ವಲ ಭವಿಷ್ಯ. ಹೆಸರು ತೆಗೆದರೆ ಅದು ತರಗತಿಯ ಯಾರಿಗೆ ಬೇಕಾದರೂ ಒಪ್ಪುತ್ತದೆ. ಪತ್ರಕ್ಕೆ ಬೆಲೆ ಬರುವುದು ಅಧ್ಯಾಪಕರು ಕಣ್ಣಾರೆ ಕಂಡ ಒಂದು ಸಂಗತಿ ಅದರಲ್ಲಿದ್ದಾಗ. ಟೈಟ್ರೇಷನ್ ಮಾಡುವಾಗ ಎಲ್ಲರೂ ಪಕ್ಕದವರ ರೀಡಿಂಗ್ ಬರೆದುಕೊಂಡರೆ, ಈ ಹುಡುಗಿ ಎರಡು ರೀಡಿಂಗ್ ಹೊಂದಲಿಲ್ಲವೆಂದು ಬ್ಯುರೆಟ್ ತೊಳೆದು ಮತ್ತೆ ಮಾಡಿದಳು, ಪ್ರಯೋಗಾಲಯದ ಸಹಾಯಕರು ಬೀಗ ಹಿಡಿದು ಬಾಗಿಲಲ್ಲಿ ನಿಂತಿದ್ದರೂ ಜಗ್ಗಲಿಲ್ಲ ಎಂಬಂಥ ಒಂದು ವಾಕ್ಯ ಸಾಕು. ಅಂಥದ್ದನ್ನು ಬರೆಯಬೇಕಾದರೆ ಅಧ್ಯಾಪಕರಿಗೆ ನೀವು ಗೊತ್ತಿರಬೇಕು. ಆದ್ದರಿಂದ ಪ್ರಥಮ ಪಿಯುದಲ್ಲೇ ಇಬ್ಬರು ಅಧ್ಯಾಪಕರ ಬಳಿ ತರಗತಿ ಮುಗಿದ ಮೇಲೆ ಪ್ರಶ್ನೆ ಕೇಳುವ ರೂಢಿ ಇಟ್ಟುಕೊಳ್ಳಿ. ಪತ್ರ ಕೇಳುವಾಗ ಒಂದು ತಿಂಗಳಾದರೂ ಸಮಯ ಕೊಡಿ, ನೀವು ಮಾಡಿದ ಕೆಲಸಗಳನ್ನು ಒಂದು ಪುಟದಲ್ಲಿ ಬರೆದು ಜೊತೆಗೆ ಕೊಡಿ.

ಪ್ರಬಂಧವನ್ನು ಚಾಟ್‌ಜಿಪಿಟಿಯಿಂದಾಗಲಿ, ದುಡ್ಡು ಕೊಟ್ಟು ಬೇರೆಯವರಿಂದಾಗಲಿ ಬರೆಸಬೇಡಿ. ನೀತಿಯ ಮಾತು ಹಾಗಿರಲಿ, ಅದರಿಂದ ಲಾಭವೂ ಇಲ್ಲ: ನಿಮ್ಮ ಹೊಲದ ತಗ್ಗು ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ಇಂಗ್ಲಿಷ್ ಕಷ್ಟವಾದರೆ ಮೊದಲು ಕನ್ನಡದಲ್ಲಿ ಪೂರ್ತಿ ಬರೆಯಿರಿ. ವಿಷಯ ಸ್ಪಷ್ಟವಾದ ಮೇಲೆ ಸರಳ ಇಂಗ್ಲಿಷಿಗೆ ತನ್ನಿ. ವ್ಯಾಕರಣವನ್ನು ನಿಮ್ಮ ಅಧ್ಯಾಪಕರು ತಿದ್ದಿಕೊಟ್ಟರೆ ತಪ್ಪಿಲ್ಲ.

ಪ್ರಥಮ ಪಿಯು ವಿದ್ಯಾರ್ಥಿನಿ, ಸೇಡಂ ತಾಲೂಕು

ಮೇಡಂ, ಕನ್ನಡದಲ್ಲಿ ಆರಂಭ ಬರೆದಿದ್ದೇನೆ. ದಯವಿಟ್ಟು ನೋಡಿ.

“ಚಿಕ್ಕಂದಿನಿಂದಲೂ ನನಗೆ ವಿಜ್ಞಾನವೆಂದರೆ ಅಪಾರ ಆಸಕ್ತಿ. ರೈತನು ದೇಶದ ಬೆನ್ನೆಲುಬು. ರೈತರು ಅನೇಕ ಸಮಸ್ಯೆಗಳನ್ನು ಎದುರಿಸುತ್ತಿದ್ದಾರೆ. ಅವುಗಳಲ್ಲಿ ಬೆಳೆರೋಗವು ಪ್ರಮುಖವಾದುದು. ಒಬ್ಬ ರೈತನ ಮಗಳಾಗಿ ನಾನು ವಿಜ್ಞಾನಿಯಾಗಿ ರೈತರ ಕಣ್ಣೀರು ಒರೆಸಬೇಕೆಂಬ ಗುರಿ ಹೊಂದಿದ್ದೇನೆ.”

ಇಂಗ್ಲಿಷ್ ಉಪನ್ಯಾಸಕಿ, ಯಾದಗಿರಿ

ಇದು ಪರೀಕ್ಷೆಯ ಪ್ರಬಂಧ, ಹತ್ತಕ್ಕೆ ಏಳು ಅಂಕ ಬರುತ್ತದೆ. ಆದರೆ ಇದರಲ್ಲಿ ನೀನು ಎಲ್ಲಿದ್ದೀಯ? ಮೇಲೆ ಸರ್ ಪ್ರಶ್ನೆ ಕೇಳಿದಾಗ ನೀನು ಕೊಟ್ಟ ಉತ್ತರ ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು. ಬೆನ್ನೆಲುಬು, ಕಣ್ಣೀರು, ಗುರಿ ಮೂರನ್ನೂ ತೆಗೆ. ಕೆಂಪು ಗೆರೆಗಳಿಂದ ಆರಂಭಿಸು. ನಿನಗೆ ಆಗ ಏನು ಅರ್ಥವಾಗಲಿಲ್ಲವೋ ಅದನ್ನು ಬರೆ.

ಪ್ರಥಮ ಪಿಯು ವಿದ್ಯಾರ್ಥಿನಿ, ಸೇಡಂ ತಾಲೂಕು

“ನನ್ನ ನೋಟ್‌ಬುಕ್ಕಿನಲ್ಲಿ ನಮ್ಮ ಹೊಲದ ಚಿತ್ರವಿದೆ. ಒಣಗಿದ ತೊಗರಿಯ ಸಾಲುಗಳನ್ನು ಕೆಂಪು ಗೆರೆಗಳಿಂದ ಗುರುತಿಸಿದ್ದೇನೆ. ಗೆರೆಗಳು ಕಾಲುವೆಯ ಕಡೆ ಹೆಚ್ಚಾಗಿವೆ, ಜೋಳದ ಸಾಲುಗಳಿದ್ದ ಕಡೆ ಕಡಿಮೆ. ನೀರು ಹೆಚ್ಚಾಗಿ ಗಿಡ ಸತ್ತಿತು ಎಂದು ಅಪ್ಪ ಹೇಳಿದರು. ಆದರೆ ಕಾಲುವೆಯ ಅಂಚಿನಲ್ಲೇ ಇದ್ದ ಕೆಲವು ಗಿಡಗಳು ಕೊನೆಯವರೆಗೂ ಹಸಿರಾಗಿದ್ದವು. ನೀರೇ ಕಾರಣವಾಗಿದ್ದರೆ ಅವು ಏಕೆ ಉಳಿದವು ಎಂಬುದು ನನಗೆ ತಿಳಿಯಲಿಲ್ಲ.”

ಇನ್ನೊಂದು ಸಂದೇಹ. ಮರುವರ್ಷ ಅಪ್ಪ ತಗ್ಗಿನ ತುಂಡಿಗೆ ಪೂರ್ತಿ ಜೋಳ ಬಿತ್ತಿದರು. ಹಾಗಾಗಿ ಆ ವರ್ಷದ ಹೋಲಿಕೆಯೇ ಇಲ್ಲ. ಅದನ್ನು ಬರೆದರೆ ಕೆಲಸ ಅರ್ಧಕ್ಕೆ ನಿಂತಂತೆ ಕಾಣುವುದಿಲ್ಲವೇ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಕಲಬುರಗಿ

ಇದ್ದದ್ದನ್ನು ಇದ್ದಂತೆ ಬರೆ. ಬೆಳೆ ಬದಲಿಸಿದ್ದು ನಿಮ್ಮ ಮನೆಯ ಹೊಟ್ಟೆಪಾಡಿಗೆ, ನಿನ್ನ ಪ್ರಯೋಗಕ್ಕಲ್ಲ. ಅದನ್ನು ಮುಚ್ಚಿಟ್ಟು ಅಂಕಿ ಹೊಂದಿಸಿದರೆ ಸಂದರ್ಶನದಲ್ಲಿ ಒಬ್ಬ ಸಸ್ಯಶಾಸ್ತ್ರಜ್ಞ ಕುಳಿತಿದ್ದರೆ ನಿಮಿಷದಲ್ಲಿ ಹಿಡಿಯುತ್ತಾನೆ. ಜೋಳದ ನಂತರ ಅದೇ ತಗ್ಗಿಗೆ ಮತ್ತೆ ತೊಗರಿ ಬಿತ್ತಿದಾಗ ಏನಾಯಿತು ಎಂಬುದು ಮೊದಲಿಗಿಂತ ಒಳ್ಳೆಯ ಪ್ರಶ್ನೆ. ಈ ಸಲ ಅಲ್ಲಿ ಏನು ಬಿತ್ತಿದ್ದಾರೆ, ಕೇಳಿ ತಿಳಿದುಕೊ. ಅಂಚಿನಲ್ಲಿ ಉಳಿದ ಹಸಿರು ಗಿಡಗಳ ಬೀಜ ಬೇರೆ ತಳಿಯದಾಗಿತ್ತೇ ಎಂದೂ ಅಪ್ಪನನ್ನು ಕೇಳು, ನೆಟೆ ತಡೆಯುವ ತಳಿಗಳೂ ಇವೆ.

ಪೋಷಕರೊಬ್ಬರು, ಬೀದರ್

ಇಷ್ಟು ಓದಿದ ಮೇಲೆ ನನ್ನ ವಾದವನ್ನು ಸ್ವಲ್ಪ ಸಡಿಲಿಸುತ್ತೇನೆ, ಪೂರ್ತಿ ಬಿಡುವುದಿಲ್ಲ. ನಮ್ಮವನು ಸಿಯುಇಟಿ ಬರೆಯುತ್ತಾನೆ. ನಮ್ಮದು ಪ್ರವರ್ಗ 2ಎ. ಸಿಇಟಿಗೆ ತೆಗೆಸಿದ ಜಾತಿ ಪ್ರಮಾಣಪತ್ರವೇ ಅದಕ್ಕೂ ನಡೆಯುತ್ತದೆಯೇ? ಶಹಾಪುರದವರು ತಿಳಿಸಿದರೆ ಉಪಕಾರ.

ಆನ್‌ಲೈನ್ ಸೇವಾ ಕೇಂದ್ರ ನಡೆಸುವವರು, ಶಹಾಪುರ

ನಡೆಯುವುದಿಲ್ಲ ಸರ್. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಕೇಂದ್ರ ಸರ್ಕಾರದ ನಮೂನೆಯಲ್ಲಿ ಕೆನೆಪದರಕ್ಕೆ ಸೇರದ ಒಬಿಸಿ ಪ್ರಮಾಣಪತ್ರ ಬೇಕು. ಮೊದಲು ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಿ, ಏಕೆಂದರೆ ರಾಜ್ಯದ ಪಟ್ಟಿ ಮತ್ತು ಕೇಂದ್ರದ ಪಟ್ಟಿ ಒಂದೇ ಅಲ್ಲ. ಇದ್ದರೆ ತಹಶೀಲ್ದಾರ್ ಕಚೇರಿಯಿಂದ ಕೇಂದ್ರದ ನಮೂನೆಯಲ್ಲೇ ಎಂದು ಒತ್ತಿ ಹೇಳಿ ತೆಗೆಸಿ. ಪ್ರವೇಶ ಪಡೆಯುವ ವರ್ಷದ ಏಪ್ರಿಲ್ 1ರ ನಂತರ ಕೊಟ್ಟ ಪ್ರಮಾಣಪತ್ರವನ್ನೇ ಸಾಮಾನ್ಯವಾಗಿ ಕೇಳುತ್ತಾರೆ, ಆದ್ದರಿಂದ ಈಗಲೇ ತೆಗೆಸಿದರೆ ಮತ್ತೊಮ್ಮೆ ತೆಗೆಸಬೇಕಾಗುತ್ತದೆ. ಏಪ್ರಿಲ್ ಮೊದಲ ವಾರದಲ್ಲಿ ನಾಡಕಚೇರಿಯಲ್ಲಿ ಅರ್ಜಿ ಹಾಕಿಬಿಡಿ, ಮೇ ತಿಂಗಳಿಗೆ ಬಿಟ್ಟರೆ ಅಲ್ಲಿ ಸಾಲು ಹನುಮಂತನ ಬಾಲದ ಹಾಗಿರುತ್ತದೆ. ಬರುವಾಗ ಮಗನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅವನದೂ ನಿಮ್ಮದೂ ಆಧಾರ್, ಹಳೆಯ ಜಾತಿ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಜೊತೆಯಲ್ಲಿರಲಿ.